ರಾತ್ರಿ ಎರಡೂವರೆ ಗಂಟೆಯ ಲೆಕ್ಕಿಗ

ನಂದಿದುರ್ಗವೆಂದೊಡನೆ ವಾಚಕರ ಕಣ್ಣ ಮುಂದೆ ನಿಲ್ಲುವುದು ಕೋಟೆಕೊತ್ತಲಗಳ ನಂದಿಬೆಟ್ಟ. ನಾವು ಹೇಳಹೊರಟಿರುವ ನಂದಿದುರ್ಗ ಅದಲ್ಲ. ಅದೇ ಹೆಸರನ್ನು ಹೊತ್ತ ಗಣಿಯೊಂದು ಕೋಲಾರದ ಚಿನ್ನದ ಸೀಮೆಯಲ್ಲಿದ್ದಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಈ ನಾಲ್ಕು ಹೆಸರುಗಳನ್ನು ಆ ಕಡೆಯ ಹಿರಿಯರು ಊರುಗಳ ಹೆಸರಿನಂತೆಯೇ ಉಚ್ಚರಿಸುತ್ತಿದ್ದರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಅಲ್ಲಿ ಗಣಿಯ ಕೆಲಸ ನಿಂತಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಆಳದ ಸುರಂಗಗಳನ್ನು ನೀರು ತುಂಬಿಕೊಂಡಿತು. ಈಗ ನೆಲದ ಮೇಲೆ ಕಾಣುವುದು ಸಯನೈಡ್ ಗುಡ್ಡಗಳು ಮಾತ್ರ. ಕೆಳಗೆ ಏನಿದ್ದಿತು, ಯಾವ ಮಟ್ಟದಲ್ಲಿ ಯಾವ ದಾರಿ ಎತ್ತ ತಿರುಗುತ್ತಿದ್ದಿತು ಎಂಬುದನ್ನು ತಿಳಿಯಬೇಕಾದರೆ ಇಳಿದು ನೋಡುವಂತಿಲ್ಲ. ನಕ್ಷೆಗಳನ್ನೂ ದಾಖಲೆಗಳನ್ನೂ ತೆರೆಯಬೇಕು.

ವಿಜ್ಞಾನದ ಮಟ್ಟಿಗೂ ಈ ಮಾತು ನಿಜ. ೧೯೬೫ರಲ್ಲಿ ಇದೇ ಗಣಿಗಳ ಆಳದಲ್ಲಿ, ನೆಲದಿಂದ ಸುಮಾರು ೨.೩ ಕಿಲೋಮೀಟರು ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯ ಇವುಗಳ ವಿಜ್ಞಾನಿಗಳು ಒಟ್ಟುಗೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಎಂ. ಜಿ. ಕೆ. ಮೆನನ್, ಬಿ. ವಿ. ಶ್ರೀಕಂಠನ್ ಮೊದಲಾದವರು ಆ ತಂಡದಲ್ಲಿದ್ದರು. ತಿಂಗಳುಗಟ್ಟಲೆ ಕಾದು ಕುಳಿತರೂ ದೊರೆಯುತ್ತಿದ್ದ ಘಟನೆಗಳು ಬೆರಳೆಣಿಕೆಯವು. ಒಂದೊಂದು ಘಟನೆಯೂ ಒಂದು ಕ್ಷಣದ ಮಿಂಚು. ಆ ಮಿಂಚಿನ ಗುರುತು ಛಾಯಾಚಿತ್ರದ ಸುರುಳಿಯಲ್ಲಿ ಉಳಿಯಬೇಕು, ಇಲ್ಲವೇ ಇಲ್ಲವಾಗಬೇಕು. ಆ ಸುರುಳಿಯೊಂದು ಕಳೆದುಹೋಗಿದ್ದರೆ ಅದೇ ಕಣವನ್ನು ಮತ್ತೊಮ್ಮೆ ಬಾರೆಂದು ಕರೆಯುವವರು ಯಾರು? ಇಂದಂತೂ ಆ ಸ್ಥಳಕ್ಕೇ ಹೋಗುವಂತಿಲ್ಲ.

ಮರಳಿ ಪಡೆಯಲಾಗದ ಬರಹವನ್ನು ಕಾಪಾಡುವ ಕಷ್ಟ ವಿಜ್ಞಾನಿಗಳಿಗೆ ಮಾತ್ರ ಬಂದುದಲ್ಲ. ಚಿನ್ನದ ಸೀಮೆಯಿಂದ ಅನತಿ ದೂರದಲ್ಲಿರುವ ಬಂಗಾರಪೇಟೆಯ ಸುತ್ತಣ ಹಳ್ಳಿಗಳ ರೈತನನ್ನು ಕೇಳಿ ನೋಡೋಣ. ಅವನ ಭೂಮಿ ಅವನದೆಂದು ಹೇಳುವ ಪತ್ರ ಪಹಣಿ. ಹಿಂದೆ ಶಾನುಭೋಗರೂ ಬಳಿಕ ಗ್ರಾಮಲೆಕ್ಕಿಗರೂ ಅದನ್ನು ಕೈಯಿಂದ ಬರೆದು ಇಡುತ್ತಿದ್ದರು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಬಂದ ಮೇಲೆ, ಇಪ್ಪತ್ತನೆಯ ಶತಮಾನದ ಕೊನೆ ಇಪ್ಪತ್ತೊಂದನೆಯದರ ಮೊದಲಿನ ಕೆಲವೇ ವರ್ಷಗಳಲ್ಲಿ, ರಾಜ್ಯದ ೬೭ ಲಕ್ಷದಷ್ಟು ರೈತರ ಸುಮಾರು ಎರಡು ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದುವು. ತಾಲ್ಲೂಕು ಕಚೇರಿಯಲ್ಲಿ ಆರಂಭದಲ್ಲಿ ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿದ್ದಿತು. ಇದರ ಜೊತೆಗೇ ಇನ್ನೊಂದು ಸಂಗತಿಯೂ ನಡೆಯಿತು. ಅದನ್ನು ಬಹು ಮಂದಿ ಗಮನಿಸಲಿಲ್ಲ. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿಹೋಯಿತು. ಅಂದರೆ ಡೇಟಾಬೇಸಿನಲ್ಲಿ ಇದ್ದುದೇ ದಾಖಲೆ. ಕಾಗದವನ್ನು ಗೆದ್ದಲು ತಿನ್ನುವುದಕ್ಕೆ ವರ್ಷಗಳು ಬೇಕು, ಅದೂ ಮೂಲೆಯಿಂದ ಸ್ವಲ್ಪಸ್ವಲ್ಪವಾಗಿ. ಡಿಸ್ಕು ಕೆಡುವುದಕ್ಕೆ ಒಂದು ಗಳಿಗೆ ಸಾಕು, ಕೆಟ್ಟರೆ ಎಲ್ಲವೂ ಒಟ್ಟಿಗೇ ಹೋಗುವುದು.

ಆದುದರಿಂದಲೇ ಎರಡನೆಯ ಪ್ರತಿ ಬೇಕು. ಇದಕ್ಕೆ ಗಣಕಲೋಕದವರು ಬ್ಯಾಕಪ್ ಎನ್ನುತ್ತಾರೆ. ಪ್ರತಿ ತೆಗೆಯುವ ಕೆಲಸವನ್ನು ಮನುಷ್ಯನಿಗೆ ವಹಿಸಿದರೆ ಆಗುವುದೇನೆಂದು ಎಲ್ಲರೂ ಬಲ್ಲರು: ಮೊದಲ ವಾರ ದಿನವೂ ನಡೆಯುತ್ತದೆ, ಹಬ್ಬ ಬಂದಾಗ ಒಂದು ದಿನ ತಪ್ಪುತ್ತದೆ, ವರ್ಗಾವಣೆಯಾಗಿ ಬಂದ ಹೊಸಬನಿಗೆ ಅಂಥದೊಂದು ಕೆಲಸವಿದೆಯೆಂಬುದೇ ತಿಳಿಯದು. ಹೀಗಾಗಿ ಮರೆಯದ, ಬೇಸರಪಡದ, ರಜೆ ಕೇಳದ ಒಬ್ಬ ಲೆಕ್ಕಿಗನನ್ನು ನೇಮಿಸಿಕೊಳ್ಳುವುದು ಲೇಸು. ಅಂಥವನನ್ನು ನೇಮಿಸುವ ಬಗೆಯನ್ನೇ ಈ ಲೇಖನದಲ್ಲಿ ವಿವರಿಸುತ್ತೇವೆ. ನಾವು ಹೇಳುವುದು ಯಾವುದೇ ಸರ್ಕಾರಿ ಕಚೇರಿಯ ಏರ್ಪಾಡನ್ನಲ್ಲ. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಆರಂಭಿಸಿದ, ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯಲ್ಲಿ, ಕಾಲೇಜಿನ ಹಳೆಯ ಗಣಕವೊಂದಿದ್ದರೆ ಯಾರಾದರೂ ಮಾಡಿ ನೋಡಬಹುದಾದುದನ್ನು ಹೇಳುತ್ತೇವೆ. ಪ್ರತಿದಿನ ಮುಂಜಾನೆ ಮಾರಿಕುಪ್ಪದಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ರೈಲು ಹತ್ತುವ ಗಣಿಯ ಸೀಮೆಯ ತರುಣರಲ್ಲಿ ಕೆಲವರಿಗಾದರೂ ಇದೇ ಜೀವನೋಪಾಯವಾಗಿದ್ದರೆ ಆಶ್ಚರ್ಯವಿಲ್ಲ.

ಮೊದಲು ಒಂದು ತೊಡಕನ್ನು ಬಿಡಿಸಬೇಕು. ಡೇಟಾಬೇಸ್ ಎಂಬುದು ಡಿಸ್ಕಿನ ಮೇಲಿನ ಕೆಲವು ಕಡತಗಳೇ ತಾನೆ, ಅವನ್ನು ಹಾಗೆಯೇ ನಕಲು ಮಾಡಿದರೆ ಸಾಲದೆ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳುವನು. ಸಾಲದು. ಎರಡು ಎಕರೆಯ ಒಂದು ಸರ್ವೆ ನಂಬರನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಾರೆಂದು ಇಟ್ಟುಕೊಳ್ಳೋಣ. ಅಣ್ಣನ ಹೆಸರಿನಿಂದ ಒಂದು ಎಕರೆಯನ್ನು ಕಳೆಯಬೇಕು, ತಮ್ಮನ ಹೆಸರಿಗೆ ಒಂದು ಎಕರೆಯನ್ನು ಕೂಡಿಸಬೇಕು. ಮೊದಲನೆಯದು ಮುಗಿದು ಎರಡನೆಯದು ಇನ್ನೂ ಆಗದಿರುವ ಆ ಸಣ್ಣ ಸಂದಿನಲ್ಲಿ ನಕಲು ತೆಗೆದರೆ, ನಕಲಿನಲ್ಲಿ ಒಂದು ಎಕರೆ ಯಾರಿಗೂ ಸೇರದೆ ಮಾಯವಾಗಿರುತ್ತದೆ. ಕೆಲಸ ಮಾಡುತ್ತಿರುವ ಡೇಟಾಬೇಸಿನಲ್ಲಿ ಇಂಥ ಸಂದುಗಳು ಕ್ಷಣಕ್ಷಣಕ್ಕೂ ಉಂಟು. ಜೊತೆಗೆ ಕೆಲವು ಮಾಹಿತಿ ಇನ್ನೂ ಡಿಸ್ಕಿಗೆ ಇಳಿಯದೆ ಯಂತ್ರದ ಸ್ಮೃತಿಯಲ್ಲಿಯೇ ಇರುತ್ತದೆ.

ಇದಕ್ಕೆ ಡೇಟಾಬೇಸುಗಳೇ ಪರಿಹಾರವನ್ನು ಒದಗಿಸಿವೆ. ಪೋಸ್ಟ್‌ಗ್ರೆಸ್ ಎಂಬುದರೊಡನೆ ಪಿಜಿ-ಡಂಪ್ ಎಂಬ ಉಪಕರಣವೂ, ಮೈಎಸ್‌ಕ್ಯೂಎಲ್ ಎಂಬುದರೊಡನೆ ಮೈಎಸ್‌ಕ್ಯೂಎಲ್-ಡಂಪ್ ಎಂಬುದೂ ಬರುತ್ತವೆ. ಪಿಜಿ-ಡಂಪ್ ಕೆಲಸವನ್ನಾರಂಭಿಸಿದ ಕ್ಷಣದಲ್ಲಿ ಡೇಟಾಬೇಸ್ ಹೇಗಿದ್ದಿತೋ ಹಾಗೆಯೇ ಅದನ್ನು ಕೊನೆಯವರೆಗೂ ನೋಡುತ್ತದೆ. ನಕಲು ಮುಗಿಯಲು ಒಂದು ಗಂಟೆ ಹಿಡಿದರೂ, ಆ ನಡುವೆ ಬೇರೆಯವರು ಮಾಡಿದ ಬದಲಾವಣೆಗಳು ಅದರ ಕಣ್ಣಿಗೆ ಬೀಳವು. ಬೇರೆಯವರ ಕೆಲಸವೂ ನಿಲ್ಲದು. ಮೈಎಸ್‌ಕ್ಯೂಎಲ್‌ನಲ್ಲಿಯೂ ಇದು ಸಾಧ್ಯ; ಆದರೆ 'ಇಡಿಯ ನಕಲನ್ನೂ ಒಂದೇ ವ್ಯವಹಾರವಾಗಿ ಮಾಡು' ಎಂಬ ಸೂಚನೆಯನ್ನು ನಾವೇ ಕೊಡಬೇಕು, ಕೋಷ್ಟಕಗಳೂ ಇನ್ನೋಡಿಬಿ ಎಂಬ ಬಗೆಯವಾಗಿರಬೇಕು.

ಇನ್ನು ನಮ್ಮ ಲೆಕ್ಕಿಗ. ಅವನಲ್ಲಿ ಎರಡು ಭಾಗಗಳುಂಟು. ಏನು ಮಾಡಬೇಕೆಂಬುದನ್ನು ಸಾಲುಸಾಲಾಗಿ ಬರೆದ ಒಂದು ಕಡತ ಮೊದಲನೆಯದು, ಇದು ಸ್ಕ್ರಿಪ್ಟ್. ಯಾವಾಗ ಮಾಡಬೇಕೆಂದು ನೋಡಿಕೊಂಡು ಎಬ್ಬಿಸುವ ಕಾವಲುಗಾರ ಎರಡನೆಯದು. ಇದಕ್ಕೆ ಕ್ರಾನ್ ಎಂದು ಹೆಸರು. ಕ್ರಾನ್ ಲಿನಕ್ಸಿಗಿಂತ ಹಳೆಯದು, ಯುನಿಕ್ಸ್ ಕಾಲದಿಂದ ಬಂದುದು. ಪ್ರತಿ ನಿಮಿಷವೂ ಎದ್ದು ತನ್ನ ಪಟ್ಟಿಯನ್ನು ನೋಡಿ, ಆ ನಿಮಿಷಕ್ಕೆ ಹೇಳಿದ ಕೆಲಸವಿದ್ದರೆ ಮಾಡಿಸಿ, ಇಲ್ಲದಿದ್ದರೆ ಮತ್ತೆ ಮಲಗುವುದೇ ಅದರ ಬದುಕು. ಪಟ್ಟಿಯ ಪ್ರತಿ ಸಾಲಿನ ಮೊದಲಿಗೆ ಐದು ಅಂಕಣಗಳು: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರ. '೩೦ ೨ * * *' ಎಂಬ ಸಾಲಿನ ಅರ್ಥ, ಯಾವ ತಿಂಗಳಾದರೂ ಯಾವ ವಾರವಾದರೂ ರಾತ್ರಿ ಎರಡು ಗಂಟೆ ಮೂವತ್ತು ನಿಮಿಷಕ್ಕೆ ಎಂದು. ನಕ್ಷತ್ರದ ಗುರುತು 'ಯಾವುದಾದರೂ ಸರಿ' ಎಂಬುದನ್ನು ಸೂಚಿಸುತ್ತದೆ. ಎರಡೂವರೆ ಗಂಟೆಯೇ ಏಕೆ? ಆಗ ಕೆಲಸ ಕಡಿಮೆ, ಅಷ್ಟೆ. ಆದರೆ ಎಲ್ಲರೂ ಸರಿಯಾಗಿ ಹನ್ನೆರಡು ಗಂಟೆಗೇ ತಮ್ಮ ತಮ್ಮ ಕೆಲಸಗಳನ್ನು ಇಡುವುದರಿಂದ ಆ ಹೊತ್ತನ್ನು ಬಿಡುವುದು ಜಾಣತನ.

ಸ್ಕ್ರಿಪ್ಟ್ ಮಾಡಬೇಕಾದುದು ಮಾತಿನಲ್ಲಿ ಹೇಳಿದರೆ ಬಹಳ ಸುಲಭ. ಇಂದಿನ ತಾರೀಕನ್ನು ಹೆಸರಿನಲ್ಲಿ ಸೇರಿಸಿದ ಒಂದು ಕಡತಕ್ಕೆ ಡೇಟಾಬೇಸಿನ ನಕಲನ್ನು ಬರೆ; ಅದನ್ನು ಜಿಜಿಪ್ ಉಪಕರಣದಿಂದ ಅಡಕಗೊಳಿಸು; ಬೇರೊಂದು ಯಂತ್ರಕ್ಕೆ ಕಳುಹಿಸು; ಮೂವತ್ತು ದಿನಕ್ಕಿಂತ ಹಳೆಯದಾದುದನ್ನು ಅಳಿಸು. ನಾಲ್ಕೈದು ಸಾಲಿನಲ್ಲಿ ಮುಗಿಯಿತು. ಇದನ್ನು ಬರೆದು ಮುಗಿಸಿದವನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ನಾವೂ ಹಾಗೆಯೇ ಹೋಗಿದ್ದೆವು.

ಆ ಕಥೆಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಹಲವು ವರ್ಷಗಳ ಹಿಂದೆ ಒಂದು ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಗಣಕಕ್ಕೆ ಏರಿಸುವ ಕೆಲಸದಲ್ಲಿ ನಾವೂ ಕೈಗೂಡಿಸಿದ್ದೆವು. ಎರಡು ಬೇಸಗೆ ರಜೆಗಳಲ್ಲಿ ವಿದ್ಯಾರ್ಥಿಗಳು ಕುಳಿತು ಬೆರಳಚ್ಚು ಮಾಡಿದ ಪಟ್ಟಿ ಅದು. ಮೇಲೆ ಹೇಳಿದಂಥದೇ ಸ್ಕ್ರಿಪ್ಟನ್ನು ಬರೆದು ಕ್ರಾನ್‌ಗೆ ಒಪ್ಪಿಸಿದೆವು. ಪ್ರತಿದಿನವೂ ಒಂದು ಹೊಸ ಕಡತ, ಅಂದಂದಿನ ತಾರೀಕಿನೊಡನೆ, ಅಚ್ಚುಕಟ್ಟಾಗಿ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದಿತು. ಒಂದು ದಿನ ಡಿಸ್ಕು ಕೆಟ್ಟಿತು. ಪ್ರತಿಯಿದೆಯಲ್ಲ ಎಂದು ತೆರೆದು ನೋಡಿದರೆ ಮೂವತ್ತು ಕಡತಗಳೂ ತಲಾ ೨೦ ಬೈಟುಗಳಷ್ಟೆ. ಒಳಗೆ ಏನೂ ಇಲ್ಲ.

ಆದದ್ದು ಇಷ್ಟು. ಒಂದೂವರೆ ತಿಂಗಳ ಹಿಂದೆ ಯಾರೋ ಡೇಟಾಬೇಸಿನ ಗುಪ್ತಪದವನ್ನು ಬದಲಾಯಿಸಿದ್ದರು. ಅಂದಿನಿಂದ ನಕಲು ತೆಗೆಯುವ ಉಪಕರಣಕ್ಕೆ ಒಳಗೆ ಪ್ರವೇಶವೇ ಇಲ್ಲ. ಅದು ತನಗೆ ಸೋಲಾಯಿತೆಂದು ಪ್ರತಿ ರಾತ್ರಿಯೂ ಹೇಳಿತು. ಆದರೆ ನಾವು ಅದರ ಬಾಯನ್ನು ಜಿಜಿಪ್‌ನ ಕಿವಿಗೆ ಕೊಳವೆಯಿಂದ ಜೋಡಿಸಿದ್ದೆವು. ಲಿನಕ್ಸಿನಲ್ಲಿ ಹೀಗೆ ಎರಡು ಆಜ್ಞೆಗಳನ್ನು ಕೊಳವೆಯಿಂದ ಕೂಡಿಸಿದಾಗ, ಬೇರೆ ಸೂಚನೆ ಇಲ್ಲದಿದ್ದರೆ, ಕೊನೆಯ ಆಜ್ಞೆಯ ಫಲಿತಾಂಶವೇ ಇಡಿಯ ಸಾಲಿನ ಫಲಿತಾಂಶವೆಂದು ಎಣಿಸಲ್ಪಡುತ್ತದೆ. ಜಿಜಿಪ್‌ಗೆ ಬಂದದ್ದು ಶೂನ್ಯ. ಶೂನ್ಯವನ್ನು ಅದು ಪ್ರಾಮಾಣಿಕವಾಗಿ ಅಡಕಗೊಳಿಸಿತು. ಏನೂ ಇಲ್ಲದುದನ್ನು ಅಡಕಗೊಳಿಸಿದರೆ ಅದರ ತಲೆಬರಹ ಬಾಲಬರಹಗಳೇ ೨೦ ಬೈಟು ಆಗುತ್ತವೆ. 'ಕೆಲಸ ಯಶಸ್ವಿ' ಎಂದು ಸ್ಕ್ರಿಪ್ಟ್ ತಿಳಿಯಿತು. ಆಮೇಲೆ ಮೂವತ್ತು ದಿನಕ್ಕಿಂತ ಹಳೆಯ ಕಡತಗಳನ್ನು, ಅಂದರೆ ಒಳಗೆ ನಿಜವಾದ ಪುಸ್ತಕಪಟ್ಟಿಯಿದ್ದ ಕಡತಗಳನ್ನು, ದಿನಕ್ಕೊಂದರಂತೆ ಅಳಿಸುತ್ತಾ ಹೋಯಿತು. ಲೆಕ್ಕಿಗ ಒಂದು ರಾತ್ರಿಯೂ ತಪ್ಪಿಸಲಿಲ್ಲ. ಅವನ ನಿಷ್ಠೆಯೇ ನಮ್ಮನ್ನು ಮುಳುಗಿಸಿತು. ಹುಡುಗರ ಮುಖವನ್ನು ನೋಡುವುದು ನಮಗೆ ಬಹು ದಿನ ಕಷ್ಟವಾಯಿತು.

ಇದಕ್ಕೆ ಮದ್ದು ಒಂದು ಸಾಲು. ಬ್ಯಾಷ್ ಎಂಬ ಆಜ್ಞಾಭಾಷೆಯಲ್ಲಿ 'ಪೈಪ್‌ಫೇಲ್' ಎಂಬ ಸೂಚನೆಯನ್ನು ಸ್ಕ್ರಿಪ್ಟಿನ ಮೊದಲಿಗೇ ಬರೆದರೆ, ಕೊಳವೆಯಲ್ಲಿ ಯಾವ ಆಜ್ಞೆ ಸೋತರೂ ಇಡಿಯ ಸಾಲು ಸೋತಂತೆ ಎಣಿಕೆಯಾಗುತ್ತದೆ. ಸೋತೊಡನೆ ಅಲ್ಲಿಗೇ ನಿಲ್ಲು ಎಂಬ ಸೂಚನೆಯನ್ನೂ ಸೇರಿಸಬೇಕು. ಹಳೆಯದನ್ನು ಅಳಿಸುವ ಸಾಲು ಎಲ್ಲಕ್ಕಿಂತ ಕೊನೆಗೆ ಇರಬೇಕು; ಹೊಸ ಪ್ರತಿ ಸರಿಯಾಗಿದೆಯೆಂದು ತಿಳಿಯುವವರೆಗೆ ಹಳೆಯದರ ಮೇಲೆ ಕೈಯಿಡಕೂಡದು. ನಿನ್ನೆಯ ಕಡತಕ್ಕಿಂತ ಇಂದಿನದು ಅರ್ಧಕ್ಕೂ ಕಡಿಮೆಯಾಗಿದ್ದರೆ ಕೂಗು ಹಾಕು ಎಂಬ ಒಂದು ಪರೀಕ್ಷೆಯನ್ನೂ ನಾವು ಆಮೇಲೆ ಸೇರಿಸಿದೆವು.

ಕ್ರಾನ್‌ನಲ್ಲಿಯೂ ಕೆಲವು ಹಳೆಯ ಗುಂಡಿಗಳಿವೆ. ಕೈಯಿಂದ ಓಡಿಸಿದಾಗ ಚೆನ್ನಾಗಿ ನಡೆದ ಸ್ಕ್ರಿಪ್ಟ್ ರಾತ್ರಿ ನಡೆಯದಿರುವುದುಂಟು. ನಮ್ಮ ಪರಿಸರದಲ್ಲಿ ಉಪಕರಣಗಳು ಎಲ್ಲಿವೆಯೆಂಬ ದಾರಿಪಟ್ಟಿ ದೊಡ್ಡದು, ಕ್ರಾನ್ ಬಲ್ಲ ದಾರಿಪಟ್ಟಿ ಬಹಳ ಚಿಕ್ಕದು. ಶೇಕಡಾ ಗುರುತಂತೂ ವಿಚಿತ್ರವಾದುದು. ಕಡತದ ಹೆಸರಿಗೆ ತಾರೀಕನ್ನು ಸೇರಿಸುವಾಗ ಆ ಗುರುತು ಬೇಕೇ ಬೇಕು, ಆದರೆ ಕ್ರಾನ್‌ನ ಪಟ್ಟಿಯಲ್ಲಿ ಅದನ್ನು ಹಾಗೆಯೇ ಬರೆದರೆ ಸಾಲು ಅಲ್ಲಿಗೇ ಮುಗಿಯಿತೆಂದು ಅದು ತಿಳಿಯುತ್ತದೆ. ಆದುದರಿಂದ ಪಟ್ಟಿಯಲ್ಲಿ ಸ್ಕ್ರಿಪ್ಟಿನ ಹೆಸರನ್ನು ಮಾತ್ರ ಬರೆದು ಉಳಿದುದನ್ನೆಲ್ಲ ಸ್ಕ್ರಿಪ್ಟಿನೊಳಗೇ ಇಡುವುದು ಕ್ಷೇಮ. ಗುಪ್ತಪದವನ್ನು ಆಜ್ಞೆಯ ಸಾಲಿನಲ್ಲಿ ಬರೆಯಬಾರದು. ಅದೇ ಯಂತ್ರವನ್ನು ಬಳಸುವ ಇತರರಿಗೆ ಅದು ಕಾಣಬಹುದು. ಒಡೆಯನಲ್ಲದೆ ಬೇರಾರೂ ಓದಲಾಗದ ಪ್ರತ್ಯೇಕ ಕಡತದಲ್ಲಿ ಅದು ಇರತಕ್ಕದ್ದು.

ಪ್ರತಿಯನ್ನು ಎಲ್ಲಿಡಬೇಕು? ಅದೇ ಡಿಸ್ಕಿನಲ್ಲಿಟ್ಟರೆ ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲೆಳೆದಂತೆ. ಎರಡು ಡಿಸ್ಕುಗಳಲ್ಲಿ ಒಂದೇ ವಿಷಯವನ್ನು ಏಕಕಾಲಕ್ಕೆ ಬರೆಯುವ ರೇಡ್ ಏರ್ಪಾಡು ಇದೆಯಲ್ಲ ಎನ್ನುವವರುಂಟು. ಅದು ಡಿಸ್ಕು ಕೆಟ್ಟಾಗ ಕಾಯುತ್ತದೆಯೇ ಹೊರತು, ತಪ್ಪಾಗಿ ಅಳಿಸಿದುದನ್ನು ಎರಡೂ ಕಡೆ ಅಷ್ಟೇ ಚುರುಕಾಗಿ ಅಳಿಸುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮವೊಂದು ಬಳಕೆಯಲ್ಲಿದೆ. ಇದನ್ನು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಪ್ರಚಾರಕ್ಕೆ ತಂದನು. ಬಂಗಾರಪೇಟೆಯ ಪ್ರತಿ ಎಪ್ಪತ್ತು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನಲ್ಲಿದ್ದರೆ ಒಂದೇ ಬೆಂಕಿ ಎರಡನ್ನೂ ಸುಡಲಾರದು. ೧೦ ಗಿಗಾಬೈಟಿನ ಪ್ರತಿಯನ್ನು ಸೆಕೆಂಡಿಗೆ ೨೦ ಮೆಗಾಬಿಟ್ ಸಾಗಿಸುವ ತಂತಿಯ ಮೇಲೆ ಕಳುಹಿಸಲು ಸುಮಾರು ೪೦೦೦ ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷ ಸಾಕು. ಬೆಳಗಾಗುವ ಮೊದಲೇ ಮುಗಿಯುತ್ತದೆ. ಎಲ್ಲ ಕಡತಗಳನ್ನೂ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳು ಬಂದಮೇಲೆ ಇನ್ನೊಂದು ಎಚ್ಚರ ಬೇಕಾಗಿದೆ. ಮೂಲಯಂತ್ರಕ್ಕೆ ದೂರದ ಪ್ರತಿಯನ್ನು ಅಳಿಸುವ ಅಧಿಕಾರವೇ ಇರಬಾರದು. ದೂರದ ಯಂತ್ರವೇ ಬಂದು ಪ್ರತಿಯನ್ನು ಎತ್ತಿಕೊಂಡು ಹೋಗುವಂತಿದ್ದರೆ ಒಳ್ಳೆಯದು.

ಎಷ್ಟು ಪ್ರತಿಗಳನ್ನು ಉಳಿಸಬೇಕೆಂಬುದು ಅವರವರ ಅಗತ್ಯ. ದಿನದವು ಏಳು, ವಾರದವು ನಾಲ್ಕು, ತಿಂಗಳಿನವು ಹನ್ನೆರಡು ಎಂದಿಟ್ಟರೆ ೨೩ ಕಡತಗಳಲ್ಲಿ ಒಂದು ವರ್ಷ ಹಿಂದಕ್ಕೆ ನೋಡಬಹುದು. ಆದರೂ ರಾತ್ರಿ ಎರಡೂವರೆಗೆ ಪ್ರತಿ ತೆಗೆದು ಮಧ್ಯಾಹ್ನ ನಾಲ್ಕಕ್ಕೆ ಡಿಸ್ಕು ಕೆಟ್ಟರೆ ಅಂದಿನ ಕೆಲಸವೆಲ್ಲ ಹೋದಂತೆಯೇ. ಇದನ್ನು ತಡೆಯಲು ಅಂಗಡಿಯವರ ಉಪಾಯವೊಂದಿದೆ. ಅವರು ಪ್ರತಿ ವ್ಯವಹಾರವನ್ನೂ ಮೊದಲು ಕೀರ್ದಿ ಪುಸ್ತಕದಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಷ್ಟೆ. ಪೋಸ್ಟ್‌ಗ್ರೆಸ್ ಕೂಡ ಬದಲಾವಣೆಗಳನ್ನೆಲ್ಲ ಮೊದಲು ಒಂದು ಕೀರ್ದಿಯಲ್ಲಿ, ಸಾಮಾನ್ಯವಾಗಿ ೧೬ ಮೆಗಾಬೈಟಿನ ತುಂಡುಗಳಾಗಿ, ಬರೆದುಕೊಳ್ಳುತ್ತದೆ. ಈ ತುಂಡುಗಳನ್ನೂ ಆಗಿಂದಾಗ ದೂರಕ್ಕೆ ಕಳುಹಿಸುತ್ತಿದ್ದು, ಜೊತೆಗೆ ಡೇಟಾಬೇಸಿನ ಕಡತಗಳ ಬುನಾದಿ ಪ್ರತಿಯೊಂದನ್ನು ವಿಧಿಪೂರ್ವಕ ತೆಗೆದಿಟ್ಟಿದ್ದರೆ, ಅದರ ಮೇಲೆ ಕೀರ್ದಿಯನ್ನು ಮತ್ತೆ ಏರಿಸಿ ಮೂರು ಗಂಟೆ ಐವತ್ತು ನಿಮಿಷದ ಸ್ಥಿತಿಗೆ ಬರಬಹುದು. ಪಿಜಿ-ಡಂಪ್ ತೆಗೆದ ನಕಲಿನ ಮೇಲೆ ಮಾತ್ರ ಕೀರ್ದಿಯನ್ನು ಏರಿಸಲು ಬಾರದು; ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು.

ದೊಡ್ಡವರೂ ಎಡವುತ್ತಾರೆ. ೨೦೧೭ನೆಯ ಜನವರಿ ೩೧ರ ರಾತ್ರಿ ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ, ದಣಿದಿದ್ದ ಎಂಜಿನಿಯರರೊಬ್ಬರು ಎರಡನೆಯ ಯಂತ್ರದಲ್ಲಿ ಅಳಿಸಬೇಕಾದುದನ್ನು ಮುಖ್ಯ ಯಂತ್ರದಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿಯೇ ತಪ್ಪು ತಿಳಿದು ನಿಲ್ಲಿಸಿದರೂ ೩೦೦ ಗಿಗಾಬೈಟಿನಲ್ಲಿ ಉಳಿದದ್ದು ೪.೫ ಮಾತ್ರ. ದಿನವೂ ತೆಗೆಯುತ್ತಿದ್ದ ಪ್ರತಿ ಎಲ್ಲಿ ಎಂದು ನೋಡಿದರೆ ಉಗ್ರಾಣ ಬರಿದಾಗಿದ್ದಿತು. ಡೇಟಾಬೇಸ್ ೯.೬ನೆಯ ಆವೃತ್ತಿಯದು, ನಕಲು ತೆಗೆಯುತ್ತಿದ್ದ ಪಿಜಿ-ಡಂಪ್ ೯.೨ನೆಯದು; ಹೊಸದನ್ನು ಹಳೆಯದು ಓದಲೊಲ್ಲದೆ ಪ್ರತಿ ಸಲವೂ ಸೋಲುತ್ತಿದ್ದಿತು. ಸೋತ ಸುದ್ದಿಯನ್ನು ಹೊತ್ತ ಮಿಂಚಂಚೆಗಳು ಸರಿಯಾದ ಸಹಿಯಿಲ್ಲವೆಂದು ಬಾಗಿಲಲ್ಲಿಯೇ ತಿರಸ್ಕೃತವಾಗಿದ್ದುವು. ಬೇರಾವುದೋ ಪ್ರಯೋಗಕ್ಕಾಗಿ ಆರು ಗಂಟೆಗಳ ಮೊದಲು ಕೈಯಿಂದ ತೆಗೆದಿದ್ದ ಒಂದು ಪ್ರತಿ ಅದೃಷ್ಟದಿಂದ ಸಿಕ್ಕಿತು. ಸಂಸ್ಥೆಯವರು ಇದನ್ನು ಮುಚ್ಚಿಡದೆ ಲೋಕಕ್ಕೆಲ್ಲ ತಿಳಿಸಿದರು. ಅದನ್ನೋದಿದಾಗ ನಮಗೆ ನಮ್ಮ ೨೦ ಬೈಟುಗಳು ನೆನಪಾಗಿ, ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳಬೇಕು.

ಸೋತಾಗ ಸುದ್ದಿ ಕಳುಹಿಸು ಎಂದು ಏರ್ಪಡಿಸುವುದು ಸಾಲದೆಂಬುದು ಇದರಿಂದ ಕಾಣುವುದು. ಯಂತ್ರವೇ ಸತ್ತಿದ್ದರೆ ಸುದ್ದಿ ಕಳುಹಿಸುವವರು ಯಾರು? ಇಲ್ಲಿ ಗಣಿಗಳವರ ಪದ್ಧತಿ ನಮ್ಮ ನೆರವಿಗೆ ಬರುತ್ತದೆ. ಗಣಿಗೆ ಇಳಿಯುವ ಕೆಲಸಗಾರರಿಗೆ ಸಂಖ್ಯೆಯ ಬಿಲ್ಲೆ ಕೊಡುವುದೂ, ಮೇಲೆ ಬಂದಾಗ ಅದು ಹಲಗೆಯ ಮೇಲಿನ ತನ್ನ ಸ್ಥಾನಕ್ಕೆ ಮರಳುವುದೂ ಲೋಕದ ಬಹು ಗಣಿಗಳಲ್ಲಿ ಹಿಂದಿನಿಂದ ನಡೆದುಬಂದ ಕ್ರಮ. ಕೆಳಗೆ ಸಿಕ್ಕಿಬಿದ್ದವನು ಕೂಗಿ ಹೇಳಬೇಕಾಗಿಲ್ಲ. ಹಲಗೆಯ ಮೇಲೆ ಖಾಲಿಯಿರುವ ಸ್ಥಾನವೇ ಹೇಳುತ್ತದೆ. ನಮ್ಮ ಲೆಕ್ಕಿಗನೂ ಕೆಲಸ ಮುಗಿದ ಕೂಡಲೇ ಬೇರೊಂದು ಯಂತ್ರಕ್ಕೆ 'ಮುಗಿಯಿತು' ಎಂಬ ಬಿಲ್ಲೆಯನ್ನು ಕಳುಹಿಸಲಿ. ಬೆಳಗಿನ ಐದು ಗಂಟೆಗೆ ಬಿಲ್ಲೆ ಬಾರದಿದ್ದರೆ ಆ ಎರಡನೆಯ ಯಂತ್ರ ಗಂಟೆ ಬಾರಿಸಲಿ.

ಇಷ್ಟೆಲ್ಲ ಆದಮೇಲೂ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ನಿಜವಾಗಿ ಬಿಚ್ಚಿ, ಡೇಟಾಬೇಸನ್ನು ಎದ್ದು ನಿಲ್ಲಿಸಿ ನೋಡುವವರೆಗೆ ಅದು ಪ್ರತಿಯೆಂದು ನಾವು ನಂಬುವುದಿಲ್ಲ. ಕನ್ನಡದ ದಾಖಲೆಗಳಿಗೆ ಈ ಪರೀಕ್ಷೆ ಮತ್ತಷ್ಟು ಅವಶ್ಯ. ಇಂದಿನ ಯುಟಿಎಫ್-೮ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ವರ್ಣಸಂಕೇತಕ್ಕೂ ಮೂರು ಬೈಟು ಬೇಕು. 'ಬಂಗಾರಪೇಟೆ' ಎಂಬ ಹೆಸರಿನಲ್ಲಿ ಸ್ವರಚಿಹ್ನೆಗಳೂ ಸೇರಿ ಒಂಬತ್ತು ಸಂಕೇತಗಳು, ಒಟ್ಟು ೨೭ ಬೈಟು. ಪ್ರತಿಯನ್ನು ಬಿಚ್ಚುವ ಯಂತ್ರ ಹಳೆಯ ಯೂರೋಪಿನ ಲಿಪಿಕ್ರಮಕ್ಕೆ ಹೊಂದಿಸಿದ್ದರೆ ಈ ಹೆಸರು ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರಬಹುದು. ಆಗ ಸಾಲುಗಳ ಸಂಖ್ಯೆ ಸರಿಯಾಗಿರುತ್ತದೆ, ಅಂಕಿಗಳೆಲ್ಲ ಸರಿಯಾಗಿರುತ್ತವೆ, ಎಕರೆ ಗುಂಟೆಗಳು ಸರಿಯಾಗಿರುತ್ತವೆ. ಯಾರ ಭೂಮಿ ಎಂಬುದು ಮಾತ್ರ ಇಲ್ಲ! ಆದುದರಿಂದ ಲೆಕ್ಕವನ್ನು ಎಣಿಸುವುದರ ಜೊತೆಗೆ ಹತ್ತು ಹೆಸರುಗಳನ್ನಾದರೂ ಕಣ್ಣಿನಿಂದ ಓದಬೇಕು.

ನಾವು ಈಗ ಪ್ರತಿ ತಿಂಗಳ ನಾಲ್ಕನೆಯ ಶನಿವಾರ ಈ ಪರೀಕ್ಷೆಯನ್ನು ಮಾಡುತ್ತೇವೆ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುತ್ತೇವೆ. ಕಳೆದ ಸಲ ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಪ್ರತಿಯನ್ನು ಬಿಚ್ಚಲು ಹಿಡಿದದ್ದು ಹದಿನೈದೇ ನಿಮಿಷ. ಉಳಿದ ಇಪ್ಪತ್ತೈದು, ಪ್ರತಿಗೆ ಹಾಕಿದ್ದ ಬೀಗದ ಗುಪ್ತಪದವನ್ನು ಬರೆದಿಟ್ಟ ಕಾಗದ ಯಾವ ಬೀರುವಿನಲ್ಲಿದೆಯೆಂದು ಹುಡುಕುವುದಕ್ಕೆ ಹೋಯಿತು. ಆ ಕಾಗದಕ್ಕೂ ಈಗ ಎರಡನೆಯ ಪ್ರತಿಯಿದೆ, ಬೇರೆ ಊರಿನಲ್ಲಿ.